ಚಬಾಕ್ ಮುಳುಗಿದ ಸುದ್ದಿ

“ಏಳು ಪ್ರವಾಸಿಗರು ಜಲಸಮಾಧಿ, ಪ್ರಶ್ನೆ ಚಿಹ್ನೆ,” ಎಂದು ಮುದುಕ ಟೋಕೊನ್ ಫೋನನ್ನು ಕೈಚಾಚಿ ದೂರ ಹಿಡಿದು ಓದಿದ. “ದೋಣಿಯ ಒಡೆಯ ಶೇರ್ಗಾಜಿ ಇಸಿಕ್ ಕುಲ್ ಸರೋವರದ ಪಾಲು, ಇಲ್ಲೂ ಪ್ರಶ್ನೆ ಚಿಹ್ನೆ. ಭಲೇ ಬುದ್ಧಿವಂತರು ಕಣಯ್ಯಾ. ಕೊನೇಲಿ ಆ ಕೊಕ್ಕೆ ಒಂದು ಹಾಕ್ಬಿಟ್ರೆ ಯಾವ ಸುಳ್ಳೂ ಸುಳ್ಳಲ್ಲ.”

ಸರೋವರದ ಪಾಲಾಗಿದ್ದ ಶೇರ್ಗಾಜಿ ಧಕ್ಕೆಯ ಹಲಗೆಯ ಮೇಲೆ ಕೂತು ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ತಲೆಯೆತ್ತಲಿಲ್ಲ. ಕೋಪ ಮಾಡಿಕೊಳ್ಳುವುದೂ ಒಂದು ಕೆಲಸ ಎನ್ನಿಸುವಷ್ಟು ದಣಿದಿದ್ದ. ಅವನ ಎದುರಿಗೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ‘ಚಬಾಕ್’ ದೋಣಿಯ ಕಂಬದ ತುದಿ ಮಾತ್ರ ನೀರಿನಿಂದ ಮೇಲೆ ಕಾಣುತ್ತಿತ್ತು. ಅದರ ಮೇಲೊಂದು ಹಕ್ಕಿ ಬಂದು ಕೂರುತ್ತಿತ್ತು, ಹೋಗುತ್ತಿತ್ತು.

ನಡೆದದ್ದು ಇಷ್ಟೆ. ಪಡುವಣದ ಗಾಳಿ ಎದ್ದ ರಾತ್ರಿ ಕಟ್ಟಿದ ಹಗ್ಗ ಹರಿದು, ಧಕ್ಕೆಯ ಕಂಬಕ್ಕೆ ಬಡಿದು, ಹಲಗೆ ಒಡೆದು ದೋಣಿ ಮುಳುಗಿತು. ಅದರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಶೇರ್ಗಾಜಿ ದಡದ ಗುಡಿಸಲಿನಲ್ಲಿ ಗೊರಕೆ ಹೊಡೆಯುತ್ತಿದ್ದ. ದೋಣಿಯೊಳಗಿದ್ದದ್ದು ಅವನ ಫೋನು ಮತ್ತು ಟೋಪಿ. ಫೋನು ತಳ ಸೇರಿತು, ಟೋಪಿ ತೇಲಿಕೊಂಡು ಆರೋಗ್ಯಧಾಮದವರು ಸ್ನಾನ ಮಾಡುವ ದಂಡೆಗೆ ಹೋಯಿತು. ಅಲ್ಲಿ ಯಾರೋ ಪುಣ್ಯಾತ್ಮರು ಅದರ ವಿಡಿಯೋ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಟೋಪಿಯ ಸುತ್ತ ಕೆಂಪು ಬಳೆ ಬಿದ್ದು, ಅದು ದೇಶವನ್ನೆಲ್ಲ ಸುತ್ತುತ್ತಿತ್ತು.

“ಸುದ್ದಿ ಜೊತೆ ಹಾಕಿರೋ ಹಡಗಿನ ಫೋಟೋ ನೋಡಿದ್ಯಾ ಅಜ್ಜಾ?” ಎಂದು ಬುರುಲ್ ಕತ್ತು ಚಾಚಿದಳು. ಧಕ್ಕೆಯ ಬಾಯಲ್ಲಿ ಹೊಗೆ ಹಾಕಿದ ಮೀನನ್ನೂ ದೋಣಿಯ ಟಿಕೀಟನ್ನೂ ಒಟ್ಟಿಗೇ ಮಾರುವವಳು ಅವಳು. “ಮೂರಂತಸ್ತು! ಇಂಥಾದ್ದು ನಿನ್ನತ್ರ ಇದ್ದಿದ್ರೆ ಶೇರ್ಗಾಜಿಯಣ್ಣಾ, ನಾನ್ಯಾಕೆ ಈ ನೊಣ ಓಡಿಸ್ಕೊಂಡು ಕೂರ್ತಿದ್ದೆ?”

“ಇಂಥಾದ್ದು ಇದ್ದಿದ್ರೆ ನಾನೇ ಖುಷಿಯಾಗಿ ಮುಳುಗ್ತಿದ್ದೆ,” ಎಂದ ಶೇರ್ಗಾಜಿ.

ನಗು ಬಂತು, ಆದರೆ ನಿಲ್ಲಲಿಲ್ಲ. ಬೇಸಿಗೆಯ ಎರಡು ತಿಂಗಳಲ್ಲಿ ವರ್ಷದ ರೊಟ್ಟಿ ದುಡಿಯುವ ಜನ ಅವರು. ಸುದ್ದಿ ಬಂದ ಮೇಲೆ ದಂಡೆಯಲ್ಲಿ ಒಬ್ಬ ಪ್ರವಾಸಿಯಿಲ್ಲ. ಉಳಿದ ದೋಣಿಯವರು ಆ ಸಿಟ್ಟನ್ನೆಲ್ಲ ಶೇರ್ಗಾಜಿಯ ಮೇಲೆ ಹಾಕಿ ಮುಖ ತಿರುಗಿಸಿದ್ದರು. ಟ್ಯೂಬುಗಳನ್ನು ದೋಣಿಗೆ ಕಟ್ಟಿ ಗಾಳಿ ತುಂಬಿದರೆ ಅದು ತಳ ಬಿಟ್ಟು ಏಳುತ್ತದೆ, ನಿಜ. ಆದರೆ ದಡಕ್ಕೆ ಎಳೆಯಲು ಕೈ ಬೇಕು. ಇದ್ದದ್ದು ಒಬ್ಬ ಮುದುಕ, ಒಬ್ಬಳು ಹೆಂಗಸು.

“ಅದೆಲ್ಲ ಹಾಳಾಗ್ಲಿ,” ಎಂದು ಟೋಕೊನ್ ತನ್ನ ಫೋನನ್ನು ಅವನ ಮುಂದೆ ಹಿಡಿದ. “ಇವತ್ತಾದ್ರೂ ನಿಮ್ಮಣ್ಣಂಗೆ ಒಂದು ಮಾತು ಹೇಳು. ಬೆಟ್ಟದಾಚೆಗೂ ಹೋಗಿರುತ್ತೆ ಈ ಸುದ್ದಿ.”

“ಏನಂತ ಹೇಳ್ಲಿ? ಬದುಕಿದ್ದೀನಿ ಅಂತ್ಲಾ? ಮುಕಾಯ್ ಅಣ್ಣನ ಪಾಲಿಗೆ ನಾನು ಸತ್ತು ಎಷ್ಟೋ ವರ್ಷ ಆಯ್ತು. ಒಬ್ನೇ ಮನುಷ್ಯ ಎರಡೆರಡು ಸಲ ಸಾಯಕ್ಕಾಗಲ್ಲ.”

ಅಪ್ಪನ ಕುದುರೆಗಳಲ್ಲಿ ತನ್ನ ಪಾಲಿಗೆ ಬಂದದ್ದನ್ನು ಮಾರಿ ಶೇರ್ಗಾಜಿ ಈ ದೋಣಿ ಕೊಂಡಿದ್ದ. ಕುದುರೆ ಮಾರಿ ಹಲಗೆ ಕೊಳ್ಳುವವನು ನಮ್ಮ ವಂಶದವನಲ್ಲ, ನನ್ನ ಪಾಲಿಗೆ ನೀನು ಸತ್ತೆ ಎಂದಿದ್ದ ಅಣ್ಣ. ಆಮೇಲೊಮ್ಮೆ ಹಬ್ಬಕ್ಕೆಂದು ಮೀನಿನ ಚೀಲ ಹೊತ್ತು ಹೋದಾಗ ಬಾಗಿಲೂ ತೆಗೆಯಲಿಲ್ಲ. ಹೊಸಿಲ ಮೇಲೆ ಮೀನಿಟ್ಟು ಶೇರ್ಗಾಜಿ ಹಿಂದಿರುಗಿದ್ದ.

ಫೋನ್ ಮಾಡದಿರಲು ಇದೊಂದು ಕಾರಣ. ಇನ್ನೊಂದನ್ನು ಅವನು ಟೋಕೊನ್‌ಗೆ ಹೇಳಿರಲಿಲ್ಲ. ತಾನು ಸತ್ತನೆಂದು ಕೇಳಿದರೆ ಅಣ್ಣ ಅಳುತ್ತಾನೋ ಇಲ್ಲವೋ ನೋಡಬೇಕಿತ್ತು ಅವನಿಗೆ. ತಲೆ ನರೆತ ಮೇಲೆ ಇಂಥ ಹುಡುಗಾಟವೇ ಎಂದು ನಾಚಿಕೆಯಾಗುತ್ತಿತ್ತು. ಆದರೂ ಈ ಮೂರು ದಿನ ಬೆಳಗಾದರೆ ಕಣ್ಣು ತಾನಾಗಿ ರಸ್ತೆಯ ಕಡೆಗೇ ಹೋಗುತ್ತಿತ್ತು. ಯಾರೂ ಬಂದಿರಲಿಲ್ಲ.

ಟ್ಯೂಬು ಕಟ್ಟಲು ಅವನು ನೀರಿಗಿಳಿದ. ಹಿಮ ಕರಗಿ ಬಂದ ನೀರು ಮೂಳೆಯನ್ನೇ ಕಚ್ಚುವಂತಿತ್ತು. ಮುಳುಗಿ, ಕಟ್ಟಿ, ಎದ್ದು ಉಸಿರು ತೆಗೆದು, ಮತ್ತೆ ಮುಳುಗಿ, ಕೊನೆಗೆ ಹಲ್ಲು ಕಟಕಟ ಎನ್ನುತ್ತಿರಲು ಗುಡಿಸಲು ಹೊಕ್ಕ. ಒದ್ದೆ ಪ್ಯಾಂಟಿನಿಂದ ಒಂದು ಕಾಲು ಹೊರಗೆ ಬಂದಿತ್ತಷ್ಟೆ. ರಸ್ತೆಯಲ್ಲಿ ಕಾರೊಂದು ನಿಂತ ಸದ್ದಾಯಿತು. ಒಂದು ಕುರಿ ಅರಚಿತು. ಅದರ ಹಿಂದೆಯೇ ಆ ದನಿ ಎದ್ದಿತು.

“ನನ್ನ ಕರುಳೇ! ನನ್ನ ಬೆನ್ನಿಗೆ ಬಿದ್ದವನೇ!”

ಅವರ ಪದ್ಧತಿಯಲ್ಲಿ ಸಾವಿನ ಮನೆ ಕಣ್ಣಿಗೆ ಬಿದ್ದದ್ದೇ ಗಂಡಸು ದಾರಿಯಿಂದಲೇ ದನಿ ತೆಗೆದು ಅಳುತ್ತ ಬರಬೇಕು, ಬಾಗಿಲಲ್ಲಿ ನಿಂತವರು ಅಷ್ಟೇ ದನಿಯಲ್ಲಿ ಅಳಬೇಕು. ಆ ಅಳುವನ್ನು ನಡುವೆ ತಡೆಯುವ ಧೈರ್ಯ ಯಾರಿಗೂ ಇಲ್ಲ. ಓಡಿ ಹೋಗಿ ಎದುರು ನಿಲ್ಲಬೇಕೆಂದು ಶೇರ್ಗಾಜಿಗೆ ಗೊತ್ತಿತ್ತು. ಆದರೂ ಗೋಡೆ ಹಿಡಿದು ನಿಂತು ಕೇಳಿದ.

“ಬಾಗಿಲಿಗೆ ಬಂದೋನಿಗೆ ಬಾಗಿಲು ತೆಗೀಲಿಲ್ಲವಲ್ಲೋ! ಒಳಗೇ ನಿಂತಿದ್ದೆನಲ್ಲೋ, ಅಗುಳಿ ಮೇಲೆ ಕೈಯಿಟ್ಟು ನಿಂತಿದ್ದೆನಲ್ಲೋ! ಈಜು ಬರದ ನನ್ನ ಕೂಸೇ, ಇಷ್ಟು ನೀರಲ್ಲಿ ನಿನ್ನ ಎಲ್ಲಿ ಹುಡುಕಲೋ!”

ಹೊರಗೆ ಟೋಕೊನ್ ಎದ್ದು ನಿಂತ. ಎಷ್ಟೋ ಸಾವು ಕಂಡ ಹಳೇ ದೇಹ, ಬುದ್ಧಿಗಿಂತ ಮೊದಲು ಅದಕ್ಕೆ ಕೇಳಿಸಿತ್ತು. ಸೊಂಟದ ಮೇಲೆ ಕೈಯಿಟ್ಟು ಬಾಗಿ, “ಅಯ್ಯೋ, ನಮ್ಮ ಬೆಟ್ಟವೇ ಕುಸೀತಲ್ಲಪ್ಪೋ!” ಎಂದು ಜೋರಾಗಿ ಉತ್ತರ ಕೊಟ್ಟೇಬಿಟ್ಟ.

“ಅಜ್ಜಾ! ನಿಲ್ಸಜ್ಜಾ!” ಬುರುಲ್ ಅವನ ತೋಳು ಹಿಡಿದು ಜಗ್ಗಿದಳು. “ಬದುಕಿದ್ದಾನೆ ಕಣಜ್ಜಾ, ಒಳಗೆ ಬಟ್ಟೆ ಬದಲಾಯಿಸ್ತಿದ್ದಾನೆ!”

ಶೇರ್ಗಾಜಿ ಒಂದು ಕಾಲಿಗೆ ಪ್ಯಾಂಟು ಸಿಕ್ಕಿಸಿಕೊಂಡೇ ಬಾಗಿಲಿಗೆ ಬಂದ. ಅಣ್ಣ ಮುದುಕನಾಗಿದ್ದ. ದಪ್ಪ ನಿಲುವಂಗಿಯ ಮೇಲೆ ಸಾವಿನ ಮನೆಗೆ ಹೋಗುವಾಗ ಬಿಗಿಯುವ ನಡುಪಟ್ಟಿ, ಕೈಯಲ್ಲಿ ಊರುಗೋಲು, ಗಡ್ಡದ ತುಂಬ ಕಣ್ಣೀರು. ಬಾಯಿ ತೆರೆದೇ ಇತ್ತು, ದನಿ ಮಾತ್ರ ನಿಂತುಹೋಯಿತು. ತಮ್ಮನನ್ನು ತಲೆಯಿಂದ ಬರಿಗಾಲಿನವರೆಗೆ ನೋಡಿದ. ಹತ್ತಿರ ಬಂದು ಕೋಲಿನಿಂದ ಅವನ ತೊಡೆಗೆ ಒಂದು ಬಿಗಿದ. ಕೋಲು ಪಟ್ಟೆಂದಿತು. ಪೆಟ್ಟು ನಿಜವಾದ್ದೇ ಎಂದು ಗೊತ್ತಾದ ಮೇಲೆ ಅಲ್ಲೇ ಮರಳಿನ ಮೇಲೆ ಕುಸಿದು ಕೂತ.

“ಬದುಕಿದ್ದೀನಿ ಅಂತ ಒಂದು ಮಾತು ಹೇಳಿಕಳಿಸೋಕೆ ಆಗ್ಲಿಲ್ವೇನೋ ನಿನಗೆ?”

“ಫೋನು ಮುಳುಗೋಯ್ತಣ್ಣಾ.”

“ಈ ಯಜಮಾನ್ರದ್ದೂ ಮುಳುಗಿತ್ತಾ?”

ಟೋಕೊನ್ ತನ್ನ ಫೋನನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ. ಶೇರ್ಗಾಜಿ ಜಾರುತ್ತಿದ್ದ ಪ್ಯಾಂಟನ್ನು ಹಿಡಿದುಕೊಂಡ. ಮೂರು ದಿನ ತಾನು ಕಾದದ್ದು ಇದಕ್ಕೇ ಎಂದು ಹೇಳುವುದು ಹೇಗೆ? ಹಳ್ಳಿಯಿಂದ ಎರಡು ಕಣಿವೆ ದಾಟಿ, ದಾರಿಯುದ್ದಕ್ಕೂ ಅಣ್ಣ ಹೀಗೇ ಕುಸಿದು ಕೂತು ಬಂದಿರಬೇಕು ಎನಿಸಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ತಪ್ಪಾಯ್ತಣ್ಣಾ,” ಎಂದ.

ಮುಕಾಯ್ ಮೂಗು ಸೀಟಿಕೊಂಡ. “ಪ್ಯಾಂಟು ಹಾಕ್ಕೊ ಮೊದ್ಲು. ಹೆಣ್ಮಗಳು ನಿಂತವ್ಳೆ.” ಕುರಿಯ ಕಡೆ ತಿರುಗಿ, “ಈ ಕುರಿಗೇನು ಮಾಡೋದು ಈಗ? ಸಾವಿಗೆ ಅಂತ ತಂದಿದ್ದು. ಜೀವಂತ ವಾಪಸ್ ಹೊಡ್ಕೊಂಡು ಹೋದ್ರೆ ಒಳ್ಳೇದಲ್ಲ,” ಎಂದ.

“ಬದುಕಿ ಬಂದಿದ್ದಕ್ಕೂ ಕುರಿ ಕಡೀತಾರಲ್ಲ,” ಎಂದ ಟೋಕೊನ್, ಬಹಳ ಹೊತ್ತಿನಿಂದ ಇದನ್ನೇ ಹೇಳಲು ಕಾದವನಂತೆ. “ನೀರಿನ ಹತ್ರಾನೇ ಕಡೀಬೇಕು. ಕಡಾಯಿ ನನ್ನತ್ರ ಇದೆ.”

ಕಡಾಯಿಯಲ್ಲಿ ನೀರು ಕುದಿಯುವ ಹೊತ್ತಿಗೆ ಸುದ್ದಿ ವಾಹಿನಿಯ ವರದಿಗಾರ ಬಂದಿಳಿದ. ಕ್ಯಾಮೆರಾ ಹೆಗಲಿಗೇರಿಸಿದ ಸಣಕಲು ಹುಡುಗ, ಕಣ್ಣಲ್ಲಿ ನಿದ್ದೆಯಿಲ್ಲ. ಸತ್ತವನು ಈರುಳ್ಳಿ ಹೆಚ್ಚುತ್ತಿರುವುದನ್ನು ಕಂಡು ಅವನ ಮುಖ ಇಳಿಯಿತು. ಆಮೇಲೆ ಬುರುಲ್ ಬಾಯಿ ತಡೆಯಲಾರದೆ ಅಣ್ಣ ಅತ್ತುಕೊಂಡು ಬಂದ ಕಥೆ ಹೇಳಿದಾಗ ಮತ್ತೆ ಅರಳಿತು.

“ತಾತಾ, ಅದನ್ನೇ ಇನ್ನೊಂದ್ಸಲ ಮಾಡ್ತೀರಾ? ಆ ಕಾರಿನ ಹತ್ರದಿಂದ ಬನ್ನಿ, ಸಾಕು. ಒಂದೇ ಒಂದ್ಸಲ.”

ಮುಕಾಯ್ ಅವನನ್ನು ದಿಟ್ಟಿಸಿದ. “ನಿಮ್ಮಪ್ಪ ಇದ್ದಾರೇನಪ್ಪಾ?”

“ಇದ್ದಾರೆ.”

“ಮನೆಗೆ ಹೋಗಿ ಅವರ ಮುಂದೆ ನಿಂತು, ಅಯ್ಯೋ ಅಪ್ಪಾ ಹೋದ್ಯಲ್ಲಾ ಅಂತ ಒಂದ್ಸಲ ಅತ್ತು ತೋರಿಸು. ಹೆಂಗಿರುತ್ತೆ ನೋಡ್ಕೊಂಡು ಬಾ, ಆಮೇಲೆ ನಾನು ಅಳ್ತೀನಿ.”

ಹುಡುಗ ಕೆಂಪಗಾದ. “ನಾನು ಬರೆದಿದ್ದಲ್ಲ ತಾತಾ. ಆಫೀಸಲ್ಲಿ ಬರೀತಾರೆ. ನನ್ನ ಕೆಲಸ ಚಿತ್ರ ಕಳಿಸೋದಷ್ಟೆ.”

“ಇರ್ಲಿ. ಊಟ ಮಾಡ್ಕೊಂಡು ಹೋಗು. ದೋಣಿ ಏಳುತ್ತೆ ಈಗ, ಅದ್ರದ್ದು ಚಿತ್ರ ತೆಗಿ,” ಎಂದ ಶೇರ್ಗಾಜಿ. ಬೈಯಬೇಕೆಂದು ಕೂಡಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ ತಿಳಿಯಲಿಲ್ಲ.

ಹುಡುಗ ಕಂಬದ ತುದಿಯ ಚಿತ್ರ ತೆಗೆದ. ಕುರಿಯ ತಲೆಯ ಚಿತ್ರವನ್ನೂ ತೆಗೆದ. ಟ್ಯೂಬುಗಳಿಗೆ ಗಾಳಿ ತುಂಬುವುದು ಬೇಗ ಮುಗಿಯುವ ಕೆಲಸವಲ್ಲ ಎಂದು ಕಂಡಾಗ ಗಡಿಯಾರ ನೋಡಿಕೊಂಡು ಕಾರು ಹತ್ತಿದ.

“ಮುಳುಗಿದ್ದು ಸುದ್ದಿ, ಎದ್ದಿದ್ದು ಯಾರಿಗೆ ಬೇಕು?” ಎಂದ ಟೋಕೊನ್, ಪಂಪು ಒತ್ತುತ್ತ.

ದೋಣಿ ಕೆಸರು ಕಾರುತ್ತ, ಒಂದು ಕಡೆಗೆ ವಾಲಿ ಮೇಲೆ ಬಂತು. ಹಗ್ಗದ ಮುಂದಿನ ತುದಿಯನ್ನು ಮುಕಾಯ್ ತಾನೇ ಕೇಳಿ ಇಸಿದುಕೊಂಡ. ಹಟಮಾರಿ ಕುದುರೆಯನ್ನು ಎಳೆಯುವಂತೆ ಹಿಮ್ಮಡಿಯೂರಿ, ಬೈಯುತ್ತ, ಪುಸಲಾಯಿಸುತ್ತ ಎಳೆದ. ಆ ಬೈಗುಳ ಕೇಳಿಯೋ ಮಾಂಸದ ವಾಸನೆಗೋ, ಪಕ್ಕದ ಧಕ್ಕೆಯ ದೋಣಿಯವರು ಇಬ್ಬರು ಬಂದು ಮಾತಿಲ್ಲದೆ ಹಗ್ಗಕ್ಕೆ ಕೈ ಹಾಕಿದರು. ಸಂಜೆಯ ಹೊತ್ತಿಗೆ ಚಬಾಕ್ ಧಕ್ಕೆಯ ಪಕ್ಕಕ್ಕೆ ಬಂದು ನಿಂತಿತು.

“ಇದಕ್ಕಾ ಕುದುರೆ ಮಾರಿದ್ದು?” ಎಂದ ಮುಕಾಯ್, ಒಡೆದ ಹಲಗೆಯನ್ನು ಕೋಲಿನಿಂದ ತಟ್ಟಿ.

“ಹೂಂ. ಇದಕ್ಕೇ.”

“ಅದೂ ಒಂದು ಕಣ್ಣು ಕಾಣದ ಕುದುರೆ ಬಿಡು,” ಎಂದ ಅಣ್ಣ. “ಈಜು ಯಾವಾಗ ಕಲ್ತೆ?”

“ದೋಣಿ ತಗೊಂಡ ವರ್ಷ.”

ಮುಕಾಯ್ ತಲೆಯಾಡಿಸಿದ. ದೋಣಿಯನ್ನು ಕಂಬಕ್ಕೆ ಕಟ್ಟಬೇಕಿತ್ತು. ಹಳೆಯ ಹಗ್ಗ ಗಾಳಿಗೆ ಹರಿದಿತ್ತು, ಎಳೆದ ಹಗ್ಗಗಳೆಲ್ಲ ಟ್ಯೂಬಿಗೆ ಸುತ್ತಿಕೊಂಡಿದ್ದವು. ಬುರುಲ್ ಹಗ್ಗ ತರಲು ಓಡಿದಳು. ದೋಣಿ ಮತ್ತೆ ನೀರಿನ ಕಡೆಗೆ ಸರಿಯತೊಡಗಿತ್ತು. ಮುಕಾಯ್ ಒಂದು ಕೈಯಲ್ಲಿ ಅದರ ಮೂಗು ಹಿಡಿದುಕೊಂಡು ಇನ್ನೊಂದರಲ್ಲಿ ನಡುಪಟ್ಟಿ ಬಿಚ್ಚಿದ. ಕಬ್ಬಿಣದ ಬಳೆಯೊಳಗೆ ತೂರಿಸಿ, ಕಂಬಕ್ಕೆ ಸುತ್ತಿ ಕಟ್ಟಿದ. ಲಾಯದಲ್ಲಿ ಅಪ್ಪ ಇಬ್ಬರಿಗೂ ಕಲಿಸಿದ ಗಂಟು ಅದು.

ಆಮೇಲೆ ನಿಲುವಂಗಿ ಸಡಿಲ ಬಿಟ್ಟುಕೊಂಡು ಕಡಾಯಿಯ ಕಡೆಗೆ ನಡೆದ. ಬುರುಲ್ ಹಗ್ಗ ತಂದುಕೊಟ್ಟಳು. ಶೇರ್ಗಾಜಿ ಅದನ್ನೂ ಕಟ್ಟಿದ. ನಡುಪಟ್ಟಿಯನ್ನು ಬಿಚ್ಚಲು ಹೋಗಲಿಲ್ಲ. ಅಲೆ ಬಂದಾಗಲೆಲ್ಲ ದೋಣಿ ಅದನ್ನು ಜಗ್ಗುತ್ತಿತ್ತು, ನೀರು ಕುಡಿದ ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು.