ಬುಟ್ಟಣ್ಣನ ಬೆಚ್ಚನೆಯ ಕಲ್ಲುಗಳು

ಆ ಗ್ರಹಕ್ಕೆ ಇಳಿದ ಒಂಬತ್ತನೆಯ ದಿನ ಮೊಳೆಗೆ ಒಬ್ಬ ಅಣ್ಣ ಸಿಕ್ಕಿದ.

ಮೊಳೆ ಅವಳ ನಿಜವಾದ ಹೆಸರಲ್ಲ. ತೆಳ್ಳಗೆ, ನೆಟ್ಟಗೆ ಇದ್ದಳು; ಒಂದು ಕಡೆ ಕೂತಳೆಂದರೆ ಕೀಳುವುದು ಕಷ್ಟ. ಹಾಗಾಗಿ ಅವಳ ಸೋದರಮಾವ ತಮಾಷೆಗೆ ಇಟ್ಟ ಹೆಸರು, ಅಂಟಿಕೊಂಡುಬಿಟ್ಟಿತು. ಹಡಗಿನಲ್ಲಿ ಇದ್ದವರು ನಾಲ್ಕೇ ಜನ. ಹಡಗು ನಡೆಸುವ ಅಮ್ಮ, ಹೊಸ ಗ್ರಹಗಳ ಕಲ್ಲುಮಣ್ಣು ಪರೀಕ್ಷಿಸುವ ಮಾವ, ಅಡುಗೆ ತಾತ, ಮತ್ತು ಹತ್ತು ವರ್ಷದ ಮೊಳೆ.

ಸಿಕ್ಕಿದ ಅಣ್ಣನಿಗೆ ಆರು ಕಾಲು. ಮೈ ನೋಡಿದರೆ ಯಾರೋ ಬುಟ್ಟಿಯನ್ನು ಬೋರಲು ಹಾಕಿದಂತೆ. ಮೊಳೆ ಕಲ್ಲೊಂದನ್ನು ಎಡವಿ ಬಿದ್ದಾಗ ಎಲ್ಲಿಂದಲೋ ಓಡಿಬಂದು, ಅವಳನ್ನು ಮೆಲ್ಲಗೆ ಎತ್ತಿ ನಿಲ್ಲಿಸಿ, ಆಮೇಲೆ ಆ ಕಲ್ಲಿಗೆ ಒಂದು ಏಟು ಕೊಟ್ಟ. ಇದು ಅಣ್ಣಂದಿರು ಮಾತ್ರ ಮಾಡುವ ಕೆಲಸ ಎಂದು ಮೊಳೆಗೆ ಗೊತ್ತಿತ್ತು. ಬುಟ್ಟಣ್ಣ ಎಂದು ಕರೆದಳು. ಕಾಲು ಆರಿದ್ದರೇನು, ಅಣ್ಣ ಅಣ್ಣನೇ.

ಇಬ್ಬರೂ ದಿನವೂ ಆಡಿದರು. ಮಾತು ಬೇಕಾದಾಗ ದೂಳಿನಲ್ಲಿ ಚಿತ್ರ ಬರೆದರು. ಅಲ್ಲಿಯ ಸೂರ್ಯ ಅಂಗಿಯ ಗುಂಡಿಯಷ್ಟು ಚಿಕ್ಕದು, ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿತ್ತು. ಒಮ್ಮೆ ಮುಳುಗಿದರೆ ನಲವತ್ತು ದಿನ ಏಳುವುದಿಲ್ಲ. ಆ ಚಳಿಗೆ ಹಡಗಿನ ಇಂಜಿನ್ನು ಹೊತ್ತಿಕೊಳ್ಳುವುದಿಲ್ಲ. ಅಷ್ಟರೊಳಗೆ ಹೊರಡಬೇಕು ಎಂದು ಅಮ್ಮ ಮೊದಲ ದಿನವೇ ಹೇಳಿದ್ದಳು.

ಹದಿನೇಳನೆಯ ದಿನ ಬುಟ್ಟಣ್ಣ ಅವಳನ್ನು ಗುಡ್ಡದ ಹಿಂದಿನ ಒಂದು ಸಂದಿಗೆ ಕರೆದೊಯ್ದ. ಚಪ್ಪಡಿಯೊಂದನ್ನು ಸರಿಸಿದ. ಒಳಗೆ ಐದು ಬೂದುಬಣ್ಣದ ಕಲ್ಲುಗಳು. ಒಂದೊಂದರ ಮೇಲೂ ಮುಷ್ಟಿಗಾತ್ರದ ಒಂದೊಂದು ಮರಿ ಮುದುಡಿಕೊಂಡು ಮಲಗಿತ್ತು. ಬುಟ್ಟಣ್ಣ ಅವಳ ಕೈಯನ್ನು ಒಂದು ಕಲ್ಲಿಗೆ ಒತ್ತಿದ. ಕೈಗವಸಿನೊಳಕ್ಕೂ ಬಿಸಿ ಇಳಿಯಿತು, ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಮುಚ್ಚಳದಂತೆ. ಅವನು ದೂಳಿನಲ್ಲಿ ಬರೆದ: ಸೂರ್ಯ ಮುಳುಗಿತು, ಕಲ್ಲುಗಳ ಮೇಲೆ ಮರಿಗಳು ಮಲಗಿದವು, ಸೂರ್ಯ ಎದ್ದಿತು, ಐದು ಮರಿಗಳೂ ಓಡಿದವು. ಆಮೇಲೆ ಕಾಲಿನ ತುದಿಯನ್ನು ಅವಳ ತಲೆಗವಸಿನ ಗಾಜಿನ ಮುಸುಕಿನ ಮೇಲೆ, ಸರಿಯಾಗಿ ಬಾಯಿಯ ಎದುರಿಗೆ ಇಟ್ಟ. ಯಾರಿಗೂ ಹೇಳಬೇಡ.

ಹಡಗಿಗೆ ಮರಳಿದಾಗ ಬಾಗಿಲಲ್ಲಿ ಮಾವ ಇದ್ದ. ಹೊರಗಿನಿಂದ ಬಂದವಳ ಕೈಗವಸಿನ ಹಿಮ ಕೊಡವುವುದು ಅವನು ತಾನಾಗಿ ವಹಿಸಿಕೊಂಡಿದ್ದ ಕೆಲಸ. ಅವಳ ಬೆರಳು ಬೇಗ ಮರಗಟ್ಟುತ್ತವೆಂದು ಅವನಿಗೆ ಗೊತ್ತಿತ್ತು.

"ಏನೇ ಇದು? ಎಡಗೈ ಮೇಲೆ ಗೇಣುದ್ದ ಹಿಮ, ಬಲಗೈ ಖಾಲಿ?"

"ಸುಮ್ನೆ ಮಾವ."

"ಸುಮ್ನೆ ಕರಗುತ್ತಾ ಹಿಮ? ನನ್ನ ಹತ್ರಾನೂ ಗುಟ್ಟಾ?"

ಅದುವರೆಗೆ ಇರಲಿಲ್ಲ. ಅವಳು ಹಲ್ಲು ಕಳೆದುಕೊಂಡದ್ದು, ಕನ್ನಡಿ ಒಡೆದದ್ದು, ಎಲ್ಲವನ್ನೂ ಅಮ್ಮನಿಗಿಂತ ಮೊದಲು ಕೇಳಿದವನು ಅವನೇ.

"ಮುಟ್ಟಲ್ಲ ಅಂತ ಆಣೆ ಇಡು."

"ನಿಮ್ಮಮ್ಮನಾಣೆ. ದೂರದಿಂದ ನೋಡ್ತೀನಿ, ಅಷ್ಟೇ."

ಮೊಳೆ ಹೇಳಿದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಾವ ತನ್ನ ದುರ್ಬೀನನ್ನು ಅವಳ ಕೊರಳಿಗೆ ಹಾಕಿದ. ಅದನ್ನು ಅವನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. "ನಾಳೆ ಹೊರಡ್ತೀವಲ್ಲ, ನಿಮ್ಮಣ್ಣನ್ನ ಆ ಹೆಪ್ಪುಗಟ್ಟಿದ ಕೆರೆ ಹತ್ರ ಕರ್ಕೊಂಡು ಹೋಗು. ಜಾರಿ ಆಡಿ. ಅವಸರ ಇಲ್ಲ, ನಿಧಾನವಾಗಿ ಬಾ" ಎಂದ. ಬುಟ್ಟಣ್ಣ ಗುಡ್ಡದ ಕಡೆ ಎರಡು ಸಲ ತಿರುಗಿ ನೋಡಿದ. ಮೊಳೆಯೇ ಅವನ ಮುಂಗಾಲು ಹಿಡಿದು ಎಳೆದುಕೊಂಡು ಹೋದಳು. ಆರು ಕಾಲಿನವನು ಮಂಜುಗಡ್ಡೆಯ ಮೇಲೆ ಜಾರಿ ಬೀಳುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಂತಿರುಗುವಾಗ ಅವನು ಅವಳನ್ನು ಹಡಗಿನ ಮೆಟ್ಟಿಲ ತನಕ ಬಿಟ್ಟುಹೋದ.

ಮರುದಿನ ಹಡಗಿನಲ್ಲಿ ಹೊರಡುವ ಗಡಿಬಿಡಿ. ಅಲ್ಲೊಂದು ಕಟ್ಟುಪಾಡು ಇತ್ತು: ಒಳಗಿರುವ ಪ್ರತಿಯೊಂದು ವಸ್ತುವನ್ನೂ ತೂಗಿ, ಅದರ ಮೇಲೆ ಚೀಟಿ ಅಂಟಿಸಿದ ಮೇಲೆಯೇ ಅಮ್ಮ ಇಂಜಿನ್ನಿಗೆ ಕೈಹಾಕುವುದು. ತಾತನ ಸೌಟುಗಳಿಗೂ ಚೀಟಿ ಇತ್ತು.

ಅಡುಗೆಕೋಣೆಯಿಂದ ತಾತ ಕೂಗಿದರು. "ಬಾರೇ, ನಿನ್ನ ಕಾಲುಚೀಲ ತಗೋ. ಇದರ ವಾಸನೆಗೆ ಇಂಜಿನ್ನೂ ಕೆಮ್ಮುತ್ತೆ." ದಿನವೂ ಅವಳ ಒದ್ದೆ ಕಾಲುಚೀಲ ಒಗೆದು ಒಣಗಿಸುತ್ತಿದ್ದವರು ಅವರು. ಯಾರೂ ಹೇಳಿರಲಿಲ್ಲ, ಅವರೂ ಹೇಳಿಕೊಂಡಿರಲಿಲ್ಲ.

"ಇಷ್ಟು ಬೇಗ ಒಣಗ್ತಾ, ತಾತ?"

"ನಿಮ್ಮ ಮಾವನ ಮಣ್ಣಿನ ಪೆಟ್ಟಿಗೆ ಮೇಲೆ ಹಾಕಿದ್ದೆ ಕಣಮ್ಮ. ಅದೇನು ಮಣ್ಣೋ, ಒಳ್ಳೆ ಒಲೆ ಥರ ಕಾಯ್ತಾ ಇದೆ."

ಮೊಳೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಆ ಬಿಸಿ ಅವಳಿಗೆ ಗೊತ್ತಿತ್ತು.

"ಅಮ್ಮಾ!"

ಅಮ್ಮ ಓಡಿಬಂದಳು, ಹಿಂದೆಯೇ ಮಾವ. ಮೊಳೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅಮ್ಮ ಚೀಟಿ ನೋಡಿದಳು. 'ಮಣ್ಣಿನ ಮಾದರಿ' ಎಂದಿತ್ತು, ಕೆಳಗೆ ಅವಳದೇ ಸಹಿ.

"ನೀನು ಬರೆದಿದ್ದು ಅಂತ ತೆಗೆದೂ ನೋಡದೆ ಸಹಿ ಹಾಕಿದೆ ನಾನು" ಎಂದಳು ಅಮ್ಮ. "ತೆಗಿ."

"ಅಕ್ಕಾ, ಬರೀ ಕಲ್ಲು..."

"ತೆಗಿ ಅಂದೆ."

ಒಳಗೆ ಐದೂ ಕಲ್ಲುಗಳು ಇದ್ದವು.

"ಮರಿಗಳೆಲ್ಲಿ?" ಎಂದಳು ಮೊಳೆ.

"ಅವಕ್ಕೇನೂ ಮಾಡಿಲ್ಲ. ಅಲ್ಲೇ ಮೆತ್ತಗೆ ಕೆಳಗೆ ಇಟ್ಟು ಬಂದೆ" ಎಂದ ಮಾವ. "ಏಳು ಗ್ರಹ ಸುತ್ತಿದೆ ಕಣೇ. ಏಳೂ ಸಲ ಬರಿಗೈಲಿ ವಾಪಸ್ಸು. ಹೋದಲ್ಲೆಲ್ಲ ನಗ್ತಾರೆ. ಇದೊಂದು ಸಲ..."

"ಆಣೆ ಇಟ್ಟಿದ್ದೆ ನೀನು."

"ಹೌದು."

"ಕೆರೆಗೆ ಹೋಗು ಅಂದೆ. ದುರ್ಬೀನು ಕೊಟ್ಟೆ." ಅವಳು ಅಳುತ್ತಿರಲಿಲ್ಲ, ಒಂದೊಂದನ್ನೇ ಜೋಡಿಸಿಕೊಳ್ಳುತ್ತಿದ್ದಳು. "ಬುಟ್ಟಣ್ಣ ಮನೇಲಿ ಇರಬಾರದು ಅಂತ. ಅವನನ್ನ ದೂರ ಕರ್ಕೊಂಡು ಹೋಗಿದ್ದು ನಾನು, ಮಾವ. ನನ್ನ ಕೈಲಿ ಮಾಡಿಸಿದೆ."

ಮಾವ ಪೆಟ್ಟಿಗೆಯ ಮುಚ್ಚಳ ಕೆಳಗಿಟ್ಟ.

ಅಮ್ಮ ಕಿಟಕಿಯಾಚೆ ನೋಡಿದಳು. ಸೂರ್ಯನ ಅರ್ಧ ಆಗಲೇ ಮುಳುಗಿತ್ತು. "ಒಂದು ಗಂಟೆ ಇದೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಕೊಡೋಕೆ ನನ್ನಿಂದ ಆಗಲ್ಲ, ಮಗಳೇ."

"ನಾನು ಹೊತ್ಕೊಂಡು ಹೋಗ್ತೀನಿ" ಎಂದ ಮಾವ.

"ನೀನು ಬರಬೇಡ" ಎಂದಳು ಮೊಳೆ.

ತಾತ ಆಗಲೇ ಕಲ್ಲುಗಳನ್ನು ತಮ್ಮ ಹೊದಿಕೆಯಲ್ಲಿ ಸುತ್ತಿ ಜಾರುಬಂಡಿಗೆ ಕಟ್ಟುತ್ತಿದ್ದರು. "ನನ್ನ ಮಂಡಿ ಕಿರುಗುಟ್ಟೋದು ಕೇಳಿ ನಗಬೇಡ" ಎಂದಷ್ಟೇ ಹೇಳಿದರು. ದಾರಿಯುದ್ದಕ್ಕೂ ಗಾಳಿ ಬೀಸುವ ಕಡೆ ತಾವು ನಡೆದು, ಅವಳನ್ನು ಮರೆಯಲ್ಲಿ ಇಟ್ಟುಕೊಂಡರು. ಗುಡ್ಡ ಬಂದಾಗ ನಿಂತುಬಿಟ್ಟರು. "ನೀನು ಹೋಗು. ಹೊಸಬನ್ನ ಕಂಡ್ರೆ ಇನ್ನಷ್ಟು ಹೆದರ್ತಾವೆ."

ಚಪ್ಪಡಿ ತೆರೆದೇ ಇತ್ತು. ಬುಟ್ಟಣ್ಣ ಐದು ಮರಿಗಳನ್ನೂ ತನ್ನ ಮೈಯ ಕೆಳಗೆ ಎಳೆದುಕೊಂಡು, ಆರೂ ಕಾಲು ಮಡಚಿ ಮುಚ್ಚಿಕೊಂಡು ಕೂತಿದ್ದ. ಮೈಯ ಮೇಲೆ ಹಿಮ ಬಿದ್ದಿತ್ತು. ಕೊಡವಿಕೊಂಡಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ.

ಮೊಳೆ ಹೊದಿಕೆ ಬಿಚ್ಚಿದಳು. ಅವನು ಕಲ್ಲುಗಳನ್ನು ನೋಡಿದ. ಅವಳನ್ನು ನೋಡಿದ. ಅವಳು ಕಲ್ಲನ್ನು ಎತ್ತಿ ಚಾಚಿದಾಗ ತೆಗೆದುಕೊಳ್ಳಲಿಲ್ಲ. ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ತೆಗೆದುಕೊಂಡ. ಐದು ಕಲ್ಲಿಗೂ ಹಾಗೆಯೇ ಆಯಿತು.

ಮರಿಗಳನ್ನು ಕಲ್ಲುಗಳ ಮೇಲೆ ಮಲಗಿಸಿದ. ಒಂದು ಕಾಲಾಡಿಸಿತು. ಎರಡನೆಯದು ಮಗ್ಗುಲಾಯಿತು. ಮೂರನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ನಾಲ್ಕನೆಯದೂ ಕದಲಿತು. ಮೊಳೆ ಮೊಣಕಾಲೂರಿ ದೂಳಿನಲ್ಲಿ ಬರೆಯಲು ಹೋದಳು: ಒಬ್ಬ ಹುಡುಗಿ, ಬಗ್ಗಿಸಿದ ತಲೆ. ಬುಟ್ಟಣ್ಣ ಆ ಚಿತ್ರವನ್ನು ನೋಡಲಿಲ್ಲ. ಒಳಗಿನಿಂದ ಚಪ್ಪಡಿಯನ್ನು ಎಳೆದುಕೊಂಡ. ಸಂದಿ ಮುಚ್ಚಿತು.

ಅವಳು ಚಪ್ಪಡಿಗೆ ಕಿವಿ ಹಚ್ಚಿದಳು. ಗಾಜಿನ ಮುಸುಕಿನೊಳಗೆ ತನ್ನ ಉಸಿರೇ ಕೇಳಿಸಿತು. ಕೆಳಗಿನಿಂದ ತಾತ ಕರೆಯುವವರೆಗೂ ಅಲ್ಲೇ ಇದ್ದಳು.

ಹಡಗಿನಲ್ಲಿ ಅವಳು ತಾತನ ಪಕ್ಕದ ಕುರ್ಚಿಯಲ್ಲಿ ಕೂತು ಪಟ್ಟಿ ಬಿಗಿದುಕೊಂಡಳು. ಇಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಎದುರಿಗಿದ್ದ ಮಾವ ತನ್ನ ಕೈಗಳನ್ನು ನೋಡುತ್ತಲೇ ಕೇಳಿದ:

"ಮರಿಗಳು... ಎದ್ದವಾ?"

"ನಾಲ್ಕು ಎದ್ದವು" ಎಂದಳು ಮೊಳೆ. "ಐದನೇದು ಎದ್ದಿತೋ ಇಲ್ಲವೋ ಗೊತ್ತಿಲ್ಲ. ಬುಟ್ಟಣ್ಣ ನೋಡೋಕೆ ಬಿಡಲಿಲ್ಲ."

ಮಾವ ಕಿಟಕಿಯ ಕಡೆ ತಿರುಗಿದ. ಕೆಳಗೆ ಗುಡ್ಡ ಯಾವುದು, ನೆರಳು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.