ಸಾಹೇಬರು ಒಯ್ದ ಕಡದ ಬೀಜ

೧೯೯೮ರ ಜೂನ್ ಎಂಟು, ಸೋಮವಾರ. ಹದಿಮೂರು ಹೆಂಗಸರು ತಲಾ ಎರಡು ಸೇರಿನಂತೆ ಕಡ ಕೊಟ್ಟಿದ್ದ ಇಪ್ಪತ್ತಾರು ಸೇರು ಬೀಜದ ತೊಗರಿಯನ್ನು ವಸೂಲು ಮಾಡಲು ಜಹೀರಾಬಾದ್ ಸೀಮೆಯ ಶಿವದೇವಿ ಹೈದರಾಬಾದಿಗೆ ಬಂದಳು. ಕಡ ಒಯ್ದದ್ದು ಬಡವರಲ್ಲ, ಸಾಕ್ಷಾತ್ ಸರ್ಕಾರ. ಮಾರ್ಚಿಯಲ್ಲಿ ಜೀಪಿನಲ್ಲಿ ಬಂದ ಕೃಷಿ ಅಧಿಕಾರಿ ಮಲ್ಲಿಕಾರ್ಜುನ ಸಾಹೇಬರು, ಮಹಿಳಾ ರೈತರ ಸ್ವಾವಲಂಬನೆಯ ಪ್ರದರ್ಶನಕ್ಕೆಂದು ಅದನ್ನು ಒಯ್ದಿದ್ದರು. ಬಿತ್ತನೆಗೆ ಬರುವ ಮೃಗಶಿರಾ, ಅಂದರೆ ಮಿರಗದ ಮಳೆಯೊಳಗೆ ಮರಳಿಸುವೆನೆಂದಿದ್ದರು. ಒಂದು ಸೇರು ಬೀಜ ಒಯ್ದವರು ಎರಡು ಸೇರು ತಂದುಕೊಡಬೇಕೆಂಬುದು ಆ ಹೆಂಗಸರ ಕಟ್ಟಳೆ. ಸಾಹೇಬರು ಅದನ್ನೂ ಬರೆದುಕೊಂಡಿದ್ದರು. ಬರೆದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಇಂದು ಮಿರಗ ಕೂಡಿತ್ತು. ಹೊಲ ಹದವಾಗಿತ್ತು, ಗಡಿಗೆಯಲ್ಲಿ ಬೀಜವಿರಲಿಲ್ಲ. ಬಸ್ಸು ನಗರದಂಚಿನ ಮಿಯಾಪುರ ದಾಟುವಾಗ ಹನಿ ಬಿದ್ದದ್ದನ್ನು ಕಂಡು ಶಿವದೇವಿ ಮೊದಲೇ ಎದ್ದು ಬಾಗಿಲ ಬಳಿ ನಿಂತಳು.

ಸಾಹೇಬರ ಕಚೇರಿಯ ಪಡಸಾಲೆಯಲ್ಲೊಂದು ಗಾಜಿನ ಕಪಾಟು. ಒಳಗಿನ ಹಲಗೆಗೆ ತೊಗರಿಕಾಳು ಅಂಟಿಸಿ, ಬುಟ್ಟಿ ಹೊತ್ತ ಹೆಣ್ಣಿನ ಚಿತ್ರ ಮಾಡಿದ್ದರು. ತನ್ನ ಕೈಯಾರೆ ಆರಿಸಿದ ಕಾಳನ್ನು ಶಿವದೇವಿ ದೂರದಿಂದಲೇ ಗುರುತಿಸಿದಳು.

“ಸಾಹೇಬ್ರ, ನಮ್ಮ ಬೀಜ ಕೊಡ್ರಿ. ಊರಾಗ ಕೂರಿಗಿ ಹೂಡಿ ಕುಂತಾರ.”

“ಅಲ್ಲೇ ಐತಲ್ಲವ್ವಾ! ಹ್ಯಾಂಗ ಮಿಂಚಾಕತ್ತೈತಿ ನೋಡು. ಹುಳ ಹತ್ತಬಾರದಂತ ಎರಡು ಸಲ ವಾರ್ನಿಷ್ ಹೊಡಸೀನಿ. ಮಂತ್ರಿಗಳು ಭಾಳ ಮೆಚ್ಚಿದ್ರು.”

“ವಾರ್ನಿಷ್ ಹೊಡದದ್ದು ಮೊಳೀತೈತೇನ್ರಿ?”

ಸಾಹೇಬರು ಕೃಷಿಯಲ್ಲಿ ಎರಡು ಪದವಿ ಪಡೆದವರು. ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

“ಹೋಗಲಿ, ಕಡ ತೀರಸ್ರಿ. ಐವತ್ತೆರಡು ಸೇರು ಬರಬೇಕು.”

“ಅದು ಆಗಲೇ ಮುಟ್ಟೇತಿ!” ಎಂದು ಸಾಹೇಬರು ಗೆಲುವಿನಿಂದ ಫೈಲು ಬಿಚ್ಚಿದರು. ಮಾರ್ಚಿಯಲ್ಲೇ ಒತ್ತಿಸಿಕೊಂಡ ಹದಿಮೂರು ಹೆಬ್ಬೆಟ್ಟುಗಳ ಮೇಲೆ ಬರೆದಿತ್ತು: ಹೂಡಿಕೆ ಇಪ್ಪತ್ತಾರು ಸೇರು, ಪ್ರಾಪ್ತಿ ಐವತ್ತೆರಡು, ಗ್ರಾಮೀಣ ಮಹಿಳೆಯರ ಆದಾಯ ಇಮ್ಮಡಿ. ತಾನು ತೀರಿಸಬೇಕಾದ ಕಡವನ್ನೇ ಸರ್ಕಾರ ಅವರ ಗಳಿಕೆಯೆಂದು ತೋರಿಸಿ, ವರದಿಯನ್ನು ದಿಲ್ಲಿಗೂ ಕಳಿಸಿತ್ತು.

ಶಿವದೇವಿ ಅದನ್ನು ಎರಡು ಸಲ ಓದಿಸಿ ಕೇಳಿದಳು.

“ಹಂಗಾರ ನಾವೀಗ ಸಾವಕಾರ್ತ್ಯಾರು ಅನ್ರಿ! ನಿಮಗೇನರ ಇನ್ನಷ್ಟು ಕಡ ಬೇಕೇನ್ರಿ?”

“ಸಿಟ್ಟಾಗಬ್ಯಾಡವ್ವಾ. ನಿನಗೊಂದು ಪ್ರಶಸ್ತಿಪತ್ರ ಕೊಡಸ್ತೀನಿ.”

“ಅದಕ್ಕೂ ವಾರ್ನಿಷ್ ಹೊಡದು ನೀವೇ ಇಟ್ಕೊಳ್ರಿ.”

ಅವಳು ಮರಳುವ ಬಸ್ಸಿನಿಂದ ಪಕ್ಕದೂರಿನಲ್ಲೇ ಇಳಿದು, ಅಲ್ಲಿಯ ತುಳಸಾಬಾಯಿಯ ಮನೆಗೆ ಹೋದಳು. ಅದೇ ಕಟ್ಟಳೆಯ ಮೇಲೆ ಅಷ್ಟೇ ಸೇರು ಬೀಜ ಕಡ ತಂದಳು. ಕಾಗದ ಬೇಕಾಗಲಿಲ್ಲ, ಹೆಬ್ಬೆಟ್ಟೂ ಬೇಕಾಗಲಿಲ್ಲ. ಮೂರು ದಿನಗಳಲ್ಲಿ ಬಿತ್ತನೆ ಮುಗಿಯಿತು. ಕಡ ನುಂಗಿದವನ ಹೆಸರು ಹೇಳಿ ಬದುವಿನ ಬಳಿ ಒಂದು ಸಾಲನ್ನು ಬಿತ್ತದೆ ಬಿಡುವುದು ಆ ಸೀಮೆಯ ವಾಡಿಕೆ. ಅವನು ತೀರಿಸುವವರೆಗೆ ಅದು ಊರಿಗೆಲ್ಲ ಕಾಣುತ್ತಿರಬೇಕು. ಹದಿಮೂರು ಹೊಲಗಳಲ್ಲೂ ಸರ್ಕಾರದ ಹೆಸರಿನಲ್ಲಿ ಒಂದೊಂದು ಸಾಲು ಖಾಲಿ ಉಳಿಯಿತು.

ಪುಷ್ಯಮಾಸದಲ್ಲಿ ರಾಶಿಯಾದಾಗ ತುಳಸಾಬಾಯಿಯ ಐವತ್ತೆರಡು ಸೇರು ಅಳೆದು ಮುಟ್ಟಿಸಿದರು. ಮರುವರ್ಷವೂ ಆ ಸಾಲುಗಳನ್ನು ಬಿತ್ತದೆ ಬಿಟ್ಟಿದ್ದಾಗ ಜೀಪು ಮತ್ತೆ ಬಂತು. ಸಾಹೇಬರು ಖಾಲಿ ಸಾಲುಗಳ ಫೋಟೊ ತೆಗೆಸಿ ಬರೆದುಕೊಂಡರು: ಮಳೆನೀರು ಇಂಗಿಸುವ ನೂತನ ವಿಧಾನ; ಫಲಾನುಭವಿ ಮಹಿಳೆಯರು ಹದಿಮೂರು.

ಸರ್ಕಾರದ ಐವತ್ತೆರಡು ಸೇರು ಬಾಕಿ ಹಾಗೆಯೇ ನಿಂತಿತು.