ಪೈಲಟ್ ಭರಮುವಿನ ಹೆಂಡತಿ

ಅಕ್ಕವ್ವನ ಹೆಣಕ್ಕೆ ನೀರೆರೆಯುತ್ತಿದ್ದ ಗಂಗವ್ವ ಹಸಿರು ಬಳೆ ಒಡೆಯಲು ಹೋದಾಗ ಅಕ್ಕವ್ವನ ನಾದಿನಿ ಸೀತವ್ವ ಅವಳ ಕೈ ಹಿಡಿದಳು.

"ಬಳಿ ಇರ್ಲಿ."

"ಗಂಡ ಯುದ್ಧದಾಗ ಹೋಗಿ ಐವತ್ತು ವರ್ಷದ ಮ್ಯಾಲಾತು. ಮುತ್ತೈದಿ ಹಂಗ ಕಳಸೂದೇನ ಬೇ?"

"ಅಣ್ಣನ ಹೆಣ ಯಾರ್ ನೋಡ್ಯಾರ? ಬರ್ತಾನಂತ ವೈನಿ ಕಡೀತನಕ ಕಾದಾಳ. ಮುತ್ತೈದಿನ ಆಕಿ."

ಅಣ್ಣ ಬರುವುದಿಲ್ಲವೆಂದು ಸೀತವ್ವನಿಗೆ ಗೊತ್ತಿತ್ತು.

*

ಸೀತವ್ವನ ಅಣ್ಣ ಭರಮು ಪಾಲಬಾವಿಯಿಂದ ವಾಯುಸೇನೆ ಸೇರಿ ಬಾಂಬರ್ ವಿಮಾನ ಹಾರಿಸುತ್ತಿದ್ದ. ರಜೆಗೆ ಬಂದರೆ ಹೊಸ ಹೆಂಡತಿಯನ್ನು ಸೈಕಲ್ಲಿನ ಮುಂದೆ, ತಂಗಿಯನ್ನು ಹಿಂದೆ ಕೂಡ್ರಿಸಿಕೊಂಡು ಕಬ್ಬಿನ ಹೊಲದ ದಾರಿ ಹಿಡಿಯುತ್ತಿದ್ದ. ವಿಮಾನ ಹೀಗೆ ತಿರುಗುತ್ತದೆಂದು ಅವನು ಸೈಕಲ್ ವಾಲಿಸಿದರೆ ಇಬ್ಬರೂ ಚೀರುತ್ತಿದ್ದರು. ಎಪ್ಪತ್ತೊಂದರ ಡಿಸೆಂಬರಿನಲ್ಲಿ ತಾರು ಬಂತು: ಕಾಣೆಯಾಗಿದ್ದಾನೆ.

ಮರುವರ್ಷ ಅವನ ಜೊತೆಗಾರ ಅಧಿಕಾರಿಯೊಬ್ಬ ಊರಿಗೆ ಬಂದ. ಅಕ್ಕವ್ವ ಗಂಡನಿಗಾಗಿ ಹರಕೆ ಹೊತ್ತು ಚಿಂಚಲಿ ಮಾಯಕ್ಕನ ಗುಡಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಹದಿನೆಂಟರ ಸೀತವ್ವ ಒಬ್ಬಳೇ. ಭರಮುವಿನ ವಿಮಾನ ಉರಿಯುತ್ತ ನೆಲಕ್ಕೆ ಬಿದ್ದದ್ದನ್ನು ಆತ ಇನ್ನೊಂದು ವಿಮಾನದಿಂದ ಕಣ್ಣಾರೆ ಕಂಡಿದ್ದ. ಯಾರೂ ಹೊರಗೆ ಜಿಗಿದಿರಲಿಲ್ಲ.

ವೈನಿಗೆ ಮಾತ್ರ ಹೇಳಬೇಡಿ, ಜೀವ ಬಿಟ್ಟಾಳು ಎಂದು ಸೀತವ್ವ ಮುರುಕು ಹಿಂದಿಯಲ್ಲಿ ಬೇಡಿಕೊಂಡಳು. ಆತ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆಮೇಲೆ ಬಂದ ವರಗಳನ್ನೆಲ್ಲ ಅವಳು ಹಿಂದೆ ಕಳಿಸಿದಳು. ಅತ್ತಿಗೆಯನ್ನು ಒಬ್ಬಳನ್ನೇ ಬಿಟ್ಟು ಹೋಗಲು ಕಾಲೇಳಲಿಲ್ಲ. ಬಾಯಿ ಜಾರೀತೆಂದು ಅಣ್ಣನ ಹೆಸರನ್ನೂ ಎತ್ತಲಿಲ್ಲ. ಅಕ್ಕವ್ವನೂ ಎತ್ತಲಿಲ್ಲ; ಹಸಿರು ಬಳೆ ಮಾತ್ರ ಬಿಚ್ಚಲಿಲ್ಲ.

*

ಹೆಣ ಹೂಳಲು ಹೊಲದಲ್ಲಿ ಕುಣಿ ತೋಡಿದ್ದರು. ಊರ ಶಾಲೆಯ ಹಳೇ ಮಾಸ್ತರ ಧೂಳಪ್ಪ ಕೋಲೂರುತ್ತ ಬಂದು ಸೀತವ್ವನ ಪಕ್ಕ ನಿಂತರು.

"ಬಳಿ ಇಟ್ಟಿದ್ದು ಚಲೋ ಮಾಡಿದಿ ತಂಗಿ. ನಿನ್ನ ಸಲುವಾಗೇ ಹಾಕ್ಕೊಂಡಿದ್ಲು ಆಕಿ."

"ನನ್ನ ಸಲುವಾಗಿ?"

"ಆ ಆಫೀಸರ ಬಂದ ದಿನ ಅಕ್ಕವ್ವ ಚಿಂಚಲಿಯಿಂದ ಬಂದು ಬಸ್ ಇಳದ್ಲು. ಅವನ ವರ್ದಿ ನೋಡಿ ತಾನೇ ಹೋಗಿ ಕೇಳಿದ್ಲು. ಸುಳ್ಳ ಹೇಳಾಕ ಅವಗ ಆಗಲಿಲ್ಲ, ಇದ್ದದ್ದು ಹೇಳಿಬಿಟ್ಟ. ನಾ ಅಲ್ಲೇ ಇದ್ದೆ. 'ಮಾಸ್ತರ, ಸೀತಿಗೆ ಹೇಳಬ್ಯಾಡ್ರಿ. ಅಣ್ಣ ಬರ್ತಾನಂತ ದಾರಿ ನೋಡಾಕತ್ತಾಳ ಹುಡುಗಿ' ಅಂತ ನನ್ನ ಕಡೆ ವಚನ ತಗೊಂಡ್ಲು."

ಸೀತವ್ವ ಏನೋ ಹೇಳಲು ಕುಣಿಯಲ್ಲಿ ಇಳಿಸಿದ್ದ ಅತ್ತಿಗೆಯ ಕಡೆ ತಿರುಗಿದಳು. ಮುಖದ ಮೇಲೆ ಆಗಲೇ ಸೆರಗು ಎಳೆದಿದ್ದರು.

"ಮಣ್ಣ ಹಾಕವಾ," ಯಾರೋ ಅಂದರು.

ಒಂದು ಹಿಡಿ ಹಾಕಿದಳು. ಮತ್ತೆ ಬಾಗಿ ಇನ್ನೊಂದು ಹಿಡಿ ತುಂಬಿಕೊಂಡಳು.

"ಇದು ಅಣ್ಣಗ, ವೈನಿ."

ಹಿಂದೆ ಜನ ತಮ್ಮ ಸರದಿಗಾಗಿ ನಿಂತಿದ್ದರು. ಕುಣಿಯ ಮೇಲೆ ಚಾಚಿದ ಅವಳ ಮುಷ್ಟಿ ಬಿಚ್ಚಲೇ ಇಲ್ಲ.